ನಲವತ್ತಮೂರು ಹಳದಿ ಚೀಟಿ

ನಮ್ಮ ಬೀದಿಯಲ್ಲಿ ನನ್ನನ್ನು ರೇಡಿಯೋ ಎನ್ನುತ್ತಾರೆ. ಬೆನ್ನ ಹಿಂದೆ ಅನ್ನುತ್ತಾರೆ, ಆದರೆ ನನಗೆ ಗೊತ್ತಾಗದೆ ಈ ಬೀದಿಯಲ್ಲಿ ಏನಾದರೂ ನಡೆಯುವುದುಂಟೇ? ಇಪ್ಪತ್ತಾರು ವರ್ಷದಿಂದ ಲಾಂಡ್ರಿ ನಡೆಸುತ್ತಿದ್ದೇನೆ. ಯಾರ ಮನೆಯಿಂದ ಎರಡು ದಿಂಬಿನ ಚೀಲದ ಬದಲು ಒಂದೇ ಬರಲು ಶುರುವಾಯಿತು, ಯಾರ ಅಂಗಿಯ ಕಾಲರು ಅಗಲವಾಯಿತು, ಯಾರ ಆಫೀಸು ಬಟ್ಟೆ ಮೂರು ವಾರದಿಂದ ಕಾಣುತ್ತಿಲ್ಲ, ಎಲ್ಲವೂ ನನ್ನ ಮೇಜಿನ ಮೇಲೇ ಹಾದುಹೋಗಬೇಕು. ತಿಳಿದದ್ದನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವ ಶಕ್ತಿ ನನಗೆ ಹುಟ್ಟಿನಿಂದಲೇ ಇಲ್ಲ. ಆದರೆ ನಾನು ಸುಳ್ಳಿಯಲ್ಲ. ದೊಡ್ಡ ಸುಳ್ಳು ಹೇಳಿದ್ದು ಒಂದೇ ಒಂದು, ಅದನ್ನೂ ನಲವತ್ತಮೂರು ಮನೆಗೆ ಹಂಚಿದೆ.

ಸೊಸೆ ನಮ್ಮಲ್ಲಿಗೆ ಬಂದು ಆರು ವರ್ಷವಾಗಿತ್ತು. ಅಂಗಡಿಯಲ್ಲಿ ಗುರುತು ಹಾಕುವ ಕೆಲಸ ಅವಳದು. ಬಂದ ಪ್ರತಿ ಬಟ್ಟೆಗೂ ಮನೆಯ ನಂಬರು ಬರೆದ ಬಟ್ಟೆಚೂರನ್ನು ಪಿನ್ನಿನಿಂದ ಸಿಕ್ಕಿಸಬೇಕು, ಒಗೆದು ಇಸ್ತ್ರಿಯಾದ ಮೇಲೆ ಅದೇ ನಂಬರಿನ ಗಂಟಿಗೆ ಸೇರಿಸಬೇಕು. ನನ್ನ ಮಗ ಒಗೆಯುವ ಯಂತ್ರಗಳನ್ನೂ ಬಾಯ್ಲರನ್ನೂ ನೋಡಿಕೊಳ್ಳುತ್ತಾನೆ. ಮನೆಮನೆಗೆ ತಲುಪಿಸುವುದು ನಾನು, ಇಲ್ಲವಾದರೆ ಸುದ್ದಿ ಸಿಗುವುದು ಹೇಗೆ? ಸೊಸೆಗೆ ಮಾತು ಕಡಿಮೆ. ನಾನು ಹತ್ತು ಆಡಿದರೆ ಅವಳು ಒಂದು ಆಡುತ್ತಾಳೆ, ಆ ಒಂದು ನನ್ನ ಹತ್ತನ್ನೂ ಮಡಚಿ ಮೂಲೆಗಿಡುತ್ತದೆ. ಈ ಕಾರಣಕ್ಕೆ ನಮ್ಮಿಬ್ಬರಿಗೂ ಚೆನ್ನಾಗಿಯೇ ಜಗಳವಾಗುತ್ತಿತ್ತು.

ಆರು ವರ್ಷ ಕಾದ ಮೇಲೆ ಅವಳು ಬಸುರಾದಳು. ಬೀದಿಗೆಲ್ಲ ಹೇಳಿದ್ದು ಯಾರು ಎಂದು ಬೇರೆ ಹೇಳಬೇಕಾಗಿಲ್ಲ.

ಐದನೇ ತಿಂಗಳ ಸ್ಕ್ಯಾನಿಗೆ ಮೂವರೂ ಹೋದೆವು. ಸ್ಕ್ಯಾನ್ ಮಾಡುವ ಹುಡುಗಿ ವಟವಟ ಮಾತಾಡುತ್ತಿದ್ದವಳು ಇದ್ದಕ್ಕಿದ್ದಂತೆ ಸುಮ್ಮನಾದಳು. ಮಾತುಗಾರರು ಎಂಥ ಹೊತ್ತಿನಲ್ಲಿ ಸುಮ್ಮನಾಗುತ್ತಾರೆಂದು ನನಗೆ ಗೊತ್ತು. ಅರ್ಧ ಗಂಟೆಯ ನಂತರ ಡಾಕ್ಟರಮ್ಮ ಪಕ್ಕದ ಕೋಣೆಗೆ ಕರೆದು ಬಾಗಿಲು ಹಾಕಿದರು.

"ಮಗೂಗೆ ಎರಡು ಕಿಡ್ನಿನೂ ಬೆಳೆದಿಲ್ಲ" ಎಂದರು. "ಅದಕ್ಕೇ ಸುತ್ತ ನೀರಿಲ್ಲ. ನೀರಿಲ್ದೆ ಶ್ವಾಸಕೋಶ ಬೆಳೆಯಲ್ಲ. ಹೊಟ್ಟೇಲಿರೋವರೆಗೆ ತಾಯಿಯೇ ಅದರ ಕೆಲಸ ಎಲ್ಲ ಮಾಡ್ತಾಳೆ. ಹುಟ್ಟಿದ ಮೇಲೆ ಕೆಲವು ನಿಮಿಷ, ಹೆಚ್ಚಂದ್ರೆ ಒಂದೆರಡು ಗಂಟೆ. ಇದಕ್ಕೆ ಔಷಧಿ ಇಲ್ಲಮ್ಮ, ಆಪರೇಷನ್ನೂ ಇಲ್ಲ."

ಈಗಲೇ ನಿಲ್ಲಿಸಬಹುದು, ಮುಂದುವರಿಸಲೂಬಹುದು, ಯಾವುದು ಮಾಡಿದರೂ ತಪ್ಪಲ್ಲ ಎಂದೂ ಹೇಳಿದರು. ನನ್ನ ಮಗ ಗೋಡೆಯ ಕ್ಯಾಲೆಂಡರನ್ನು ನೋಡುತ್ತ ಕೂತಿದ್ದ. ಸೊಸೆ ಎರಡು ಪ್ರಶ್ನೆ ಕೇಳಿದಳು.

"ಅದಕ್ಕೆ ಈಗ ನೋವಾಗ್ತಿದೆಯಾ?"

"ಇಲ್ಲ."

"ನನ್ನ ಪ್ರಾಣಕ್ಕೇನಾದ್ರೂ?"

"ಆಗಾಗ ಬಂದು ತೋರಿಸ್ಕೋಬೇಕು. ಈಗ ಅಪಾಯ ಏನಿಲ್ಲ."

"ಹಾಗಾದ್ರೆ ನಾನು ಹೆರ್ತೀನಿ" ಎಂದಳು.

ಮನೆಗೆ ಬಂದ ಮೇಲೆ ನಾನು ಕೂಗಾಡಿದೆ. ಹುಚ್ಚು ಹಿಡಿದಿದೆಯಾ ಎಂದೆ, ಇನ್ನೂ ನಾಲ್ಕು ತಿಂಗಳು ಹೊತ್ತು ತಿರುಗಿ ಕೊನೆಗೆ ಏನು ಸಿಗುತ್ತದೆ ಎಂದೆ. ನನಗೆ ಸಿಟ್ಟು ಅವಳ ಮೇಲಿರಲಿಲ್ಲ. ಯಾರ ಮೇಲಿತ್ತೋ ಅವರು ಕೈಗೆ ಸಿಗುತ್ತಿರಲಿಲ್ಲ, ಇವಳು ಎದುರಿಗಿದ್ದಳು. ಅವಳು ಎಲ್ಲ ಕೇಳಿಸಿಕೊಂಡು ಹೇಳಿದಳು: "ಅತ್ತೆ, ಇದರ ಆಯಸ್ಸೆಲ್ಲ ಹೊಟ್ಟೆ ಒಳಗೇ ಇರೋದು. ಇರೋದೇ ಅಷ್ಟು, ಅದನ್ನ ನಾನ್ಯಾಕೆ ಕಿತ್ಕೊಳ್ಲಿ? ಬೇರೆಯವಳಾಗಿದ್ರೆ ಬೇರೆ ದಾರಿ ಹಿಡೀತಿದ್ಲೇನೋ, ಅವಳದ್ದೂ ಸರಿಯೇ. ನನ್ನ ಕೈಲಿ ಆಗಲ್ಲ. ನನಗೆ ಒಂದೇ ಆಸೆ. ಜೀವ ಇರೋವಾಗ್ಲೇ ನೀವಿಬ್ರೂ ಅದನ್ನ ಎತ್ಕೋಬೇಕು. ತನ್ನವರ ಕೈಗೆಲ್ಲ ಒಂದ್ಸಲ ಬಂದು ಹೋಗ್ಲಿ."

ನನ್ನ ಮಗ ಎದ್ದು ಅಂಗಡಿಗೆ ಹೋಗಿ ಒಣಗಿಸುವ ಯಂತ್ರದ ಜಾಲರಿಯಿಂದ ನೂಲುಧೂಳು ತೆಗೆಯತೊಡಗಿದ. ಬೆಳಿಗ್ಗೆ ತಾನೇ ತೆಗೆದಿದ್ದ. ಅವನು ಕೆಟ್ಟವನಲ್ಲ, ಹೇಡಿ ಅಷ್ಟೆ. ಅದರಲ್ಲಿ ಅವನು ಅಪ್ಪನನ್ನು ಹೋಲುವುದಿಲ್ಲ, ನನ್ನನ್ನು ಹೋಲುತ್ತಾನೆ. ಯಾಕೆಂದರೆ ನಾನೂ ಅವಳಿಗೆ "ಆ ಕೆಲಸಕ್ಕೆ ಮಾತ್ರ ನನ್ನ ಕರೀಬೇಡ" ಎಂದುಬಿಟ್ಟೆ.

ಮಾರನೇ ದಿನದಿಂದ ಅವಳು ಜ್ವರ ಬಂದು ಹತ್ತು ದಿನ ಮಲಗಿದಳು. ಆ ಹತ್ತು ದಿನದಲ್ಲಿ ನಾನು ಮಾಡಬಾರದ್ದನ್ನು ಮಾಡಿದೆ. ಗಂಟು ತಲುಪಿಸಲು ಹೋದ ಮೊದಲ ಮನೆಯಲ್ಲಿ "ಸೊಸೆ ಎಲ್ಲಿ, ಹೇಗಿದ್ದಾಳೆ, ಯಾವಾಗ ದಿನ?" ಎಂದು ಕೇಳಿದರು. "ಮಗು ಉಳೀಲಿಲ್ಲ. ಅವಳ ಹತ್ರ ಏನೂ ಕೇಳ್ಬೇಡಿ" ಎಂದೆ. ಅಯ್ಯೋ ಎಂದರು, ಕೈ ಹಿಡಿದುಕೊಂಡರು, ಮುಗಿಯಿತು. ಅದೆಷ್ಟು ಸಲೀಸಾಗಿತ್ತೆಂದರೆ ಎರಡನೇ ಮನೆಯಲ್ಲಿ ಕೇಳುವ ಮೊದಲೇ ಹೇಳಿದೆ. ಹೇಗೂ ಜ್ವರ ಬಿಟ್ಟ ಮೇಲೆ ಬುದ್ಧಿ ತಂದುಕೊಂಡು ಆಸ್ಪತ್ರೆಗೆ ಹೋಗುತ್ತಾಳೆ, ನಾನು ಸ್ವಲ್ಪ ಮುಂಚೆ ಹೇಳಿದಂತಾಯಿತು ಎಂದುಕೊಂಡೆ. ಅವಳಿಗೆ ನೋವಾಗದಿರಲಿ ಎಂದೇ ಮಾಡಿದ್ದು ಎಂದು ಇವತ್ತಿಗೂ ಹೇಳಬಲ್ಲೆ. ಅದು ಅರ್ಧ ಸತ್ಯ. ಇನ್ನರ್ಧ, ಪ್ರತಿದಿನ ಉತ್ತರ ಹೇಳುವುದು ನನ್ನಿಂದ ಆಗುತ್ತಿರಲಿಲ್ಲ.

ಹನ್ನೊಂದನೇ ದಿನ ಅವಳು ಅಂಗಡಿಗೆ ಬಂದಳು. ನಾನು ತಡೆಯುವಷ್ಟರಲ್ಲಿ ಮುಂದಿನ ಮೇಜಿಗೆ ಬಂದು ನಿಂತಾಗಿತ್ತು. ಹೊಟ್ಟೆ ಚೆನ್ನಾಗಿಯೇ ಕಾಣುತ್ತಿತ್ತು. ಹದಿನೇಳನೇ ನಂಬರಿನ ಗಣಿತದ ಮೇಷ್ಟ್ರು ಎರಡು ಅಂಗಿ ಹಿಡಿದು ಬಂದರು. ಒಳ್ಳೆಯ ಮನುಷ್ಯ, ಏನು ಮಾಡುವುದು, ಒಳ್ಳೆಯವರೇ ಇಂಥದ್ದನ್ನು ಮಾಡುವುದು. ಅಂಗಿ ಮೇಜಿನ ಮೇಲಿಟ್ಟು ದನಿ ತಗ್ಗಿಸಿ, "ಹೋದದ್ದಕ್ಕೆ ಕೊರಗ್ಬೇಡಮ್ಮ, ವಯಸ್ಸಿದೆ, ಇನ್ನೊಂದಾಗುತ್ತೆ" ಎಂದರು.

"ಯಾರು ಹೋದದ್ದು ಸಾರ್?" ಎಂದಳು ಸೊಸೆ.

ಮೇಷ್ಟ್ರು ಅವಳ ಹೊಟ್ಟೆ ನೋಡಿದರು, ನನ್ನ ಮುಖ ನೋಡಿದರು, ಲೆಕ್ಕ ಕೂಡಲಿಲ್ಲ. ಅಂಗಿಗೆ ರಸೀದಿ ಕೂಡ ತೆಗೆದುಕೊಳ್ಳದೆ ಹೊರಟುಹೋದರು. ನಾನು ಇಸ್ತ್ರಿಯ ಉಗಿ ಜೋರು ಮಾಡಿ ಅದರ ಹಿಂದೆ ನಿಂತೆ. ಕುಂಬಳಕಾಯಿ ಕಳ್ಳನಿಗೆ ಹೆಗಲು ಮುಟ್ಟಿಕೊಳ್ಳಲು ಇಷ್ಟೇ ಸಾಕು.

"ಎಷ್ಟು ಮನೆಗೆ ಹೇಳಿದ್ದೀರ?" ಎಂದು ಕೇಳಿದಳು.

ನಾನು ಇಸ್ತ್ರಿ ತಿಕ್ಕುತ್ತಲೇ ಇದ್ದೆ. ಅವಳು, ನಾನು ತಲುಪಿಸಿದ ಗಂಟುಗಳ ಲೆಕ್ಕದ ಪುಸ್ತಕ ತೆಗೆದು ಹತ್ತು ದಿನದ ಪುಟಗಳ ಮೇಲೆ ಬೆರಳಾಡಿಸಿ ತಾನೇ ಎಣಿಸಿದಳು. "ನಲವತ್ಮೂರು" ಎಂದಳು. ಬೈಯುತ್ತಾಳೆ ಎಂದು ಕಾದೆ. ಅವಳು ಮೇಜಿನ ಕೆಳಗೆ ಬಗ್ಗಿ ಹಳದಿ ಚೀಟಿಯ ಪುಸ್ತಕ ಹೊರಗೆ ತೆಗೆದಳು.

ಇದು ನನ್ನ ಯಜಮಾನರು ಹಾಕಿಟ್ಟ ಪದ್ಧತಿ. ಅವರಿಲ್ಲದೆ ಒಂಬತ್ತು ವರ್ಷವಾದರೂ ನಾವು ಬಿಟ್ಟಿಲ್ಲ. ಕಾಲರು ಸುಟ್ಟರೆ, ಬಣ್ಣ ಬಿಟ್ಟರೆ, ಒಬ್ಬರ ಬಟ್ಟೆ ಇನ್ನೊಬ್ಬರ ಗಂಟಿಗೆ ಹೋದರೆ ಮಡಿಕೆಯೊಳಗೆ ಮುಚ್ಚಿ ಕಳಿಸುವಂತಿಲ್ಲ. ಏನಾಯಿತೆಂದು ಹಳದಿ ಚೀಟಿಯಲ್ಲಿ ಬರೆದು, ಮಾಡಿದವರೇ ಸಹಿ ಹಾಕಿ, ಗಂಟಿನ ಮೇಲೆ ಎದ್ದು ಕಾಣುವಂತೆ ಪಿನ್ನು ಮಾಡಬೇಕು. ಕೆಳಗೆ "ತಪ್ಪು ನಮ್ಮದು" ಎಂದು ಅಚ್ಚಾಗಿದೆ. ಇಪ್ಪತ್ತಾರು ವರ್ಷದಲ್ಲಿ ಮುಗಿದದ್ದು ಒಂದೂವರೆ ಪುಸ್ತಕ, ಅದು ನಮ್ಮ ಹೆಮ್ಮೆ.

"ಬರೀರಿ" ಎಂದಳು.

"ಏನು ಬರೀಲಿ? ಮಾತು ಆಡಿದರೆ ಹೋಯ್ತು ಕಣೇ. ಈಗ ಚೀಟಿ ಕಳಿಸಿದ್ರೆ ಜನ ನಗ್ತಾರೆ."

"ಅತ್ತೆ, ಒಂದು ಕಾಲರ್ ಸುಟ್ರೆ ಚೀಟಿ ಬರೀತೀರ. ನನ್ನ ಮಗೂನ ಬದುಕಿರುವಾಗ್ಲೇ ಸಾಯಿಸಿದ್ದಕ್ಕೆ ಬರೆಯಲ್ವಾ?"

ಅವಳು ದನಿಯೇರಿಸಲಿಲ್ಲ. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎನ್ನುತ್ತಾರಲ್ಲ, ಆ ಕಾಲ ಬದಲಾದದ್ದು ಆ ಮಧ್ಯಾಹ್ನ, ಇಸ್ತ್ರಿ ಮೇಜಿನ ಪಕ್ಕದಲ್ಲಿ. ಅವಳು ಹೇಳಿದಳು, ನಾನು ಬರೆದೆ.

"ನನ್ನ ಸೊಸೆಯ ಮಗು ಹೋಯಿತೆಂದು ನಾನು ಹೇಳಿದ್ದು ಸುಳ್ಳು. ಮಗು ಇದೆ. ಅದಕ್ಕೆ ವಾಸಿಯಾಗದ ತೊಂದರೆ ಇದೆ, ಹುಟ್ಟಿದ ಮೇಲೆ ಹೆಚ್ಚು ಹೊತ್ತು ಇರುವುದಿಲ್ಲ. ಈಗ ಇದೆ. ಸೊಸೆ ಎದುರಾದರೆ ಎಲ್ಲ ಬಸುರಿಯರನ್ನು ಮಾತಾಡಿಸುವಂತೆ ಮಾತಾಡಿಸಿ."

ಕೆಳಗೆ ಅಚ್ಚಾಗಿದ್ದ "ನಮ್ಮದು" ಎಂಬುದನ್ನು ಹೊಡೆದು "ನನ್ನದು" ಎಂದು ಬರೆಯಿಸಿದಳು. ನಲವತ್ತಮೂರು ಸಲ. ಮೂರನೇ ಚೀಟಿಗೆ ಸಿಟ್ಟು ಬಂತು, ಹತ್ತನೆಯದಕ್ಕೆ ಅಳು ಬಂತು, ಮೂವತ್ತನೆಯದಕ್ಕೆ ಹಸಿವಾಯಿತು. ಎದ್ದು ಹೋಗಲು ಬಿಡಲಿಲ್ಲ, ಮೇಜಿಗೇ ತಟ್ಟೆ ತಂದುಕೊಟ್ಟಳು.

ಮುಂದಿನ ಒಂದು ವಾರ ನಾನು ತಲುಪಿಸಿದ ಪ್ರತಿ ಗಂಟಿನ ಮೇಲೂ ಹಳದಿ ಚೀಟಿ ಇತ್ತು. ಮೇಷ್ಟ್ರು ಚೀಟಿಯನ್ನು ಎರಡು ಸಲ ಓದಿ, ಕಾಗುಣಿತದ ತಪ್ಪೊಂದನ್ನು ಪೆನ್ನಿನಿಂದ ತಿದ್ದಿ, ಆಮೇಲೆ ತಾವು ಮಾಡಿದ್ದೇನೆಂದು ಹೊಳೆದು ಕಣ್ಣು ಒರೆಸಿಕೊಂಡರು. ಬೇಕರಿಯವನು "ನಿಮಗೆ ಇಷ್ಟು ಧೈರ್ಯ ಇದೆ ಅಂತ ಗೊತ್ತಿರಲಿಲ್ಲ" ಎಂದ, "ನನ್ನದಲ್ಲಪ್ಪ" ಎಂದೆ. ಮೂವತ್ತೊಂದನೇ ನಂಬರಿನವಳು ಮಾತ್ರ ಚೀಟಿಯನ್ನು ಬೆರಳ ತುದಿಯಲ್ಲಿ ಹಿಡಿದುಕೊಂಡು ಅಂಗಡಿಗೇ ಬಂದಳು. ಅವಳ ಮಗಳೂ ಬಸುರಿ.

"ನಮ್ಮ ಹುಡುಗಿ ಬಟ್ಟೆ ಮೇಲೆ ಇಂಥದ್ದೆಲ್ಲ ಬರಬಾರ್ದಿತ್ತು. ಇನ್ಮೇಲೆ ನಾವು ಬೇರೆ ಕಡೆ ಕೊಡ್ತೀವಿ" ಎಂದಳು.

ಸೊಸೆ ಅಲ್ಲೇ ನಿಂತಿದ್ದಳು. ಹಿಂದಿನ ನಾನಾಗಿದ್ದರೆ ಹಲ್ಲುಗಿಂಜುತ್ತಿದ್ದೆನೇನೋ. ಒಳಗೆ ಉಳಿದಿದ್ದ ಅವಳ ಬಟ್ಟೆಯನ್ನೆಲ್ಲ ತಂದು ಮೇಜಿನ ಮೇಲೆ ಕುಕ್ಕಿದೆ.

"ತಗೊಂಡು ಹೋಗು. ನನ್ನ ಮೊಮ್ಮಗು ಅಂಟುರೋಗ ಅಲ್ಲ. ಆಮೇಲೆ ಆ ಮೇಜುಬಟ್ಟೆ ಕಲೆ ಇದೆಯಲ್ಲ, ಅದು ನಮ್ಮಲ್ಲೂ ಹೋಗ್ಲಿಲ್ಲ, ಬೇರೆ ಕಡೆನೂ ಹೋಗಲ್ಲ. ಹುಡುಗಿ ಹೆರಿಗೆ ಸುಖವಾಗಿ ಆಗ್ಲಿ."

ಮೊಮ್ಮಗು ಎಂದು ಬಾಯಿಬಿಟ್ಟು ಅಂದದ್ದು ಅದೇ ಮೊದಲು. ಸೊಸೆ ತಲೆಯೆತ್ತದೆ ಬಟ್ಟೆಗೆ ನಂಬರು ಸಿಕ್ಕಿಸುತ್ತಿದ್ದಳು, ತುಟಿಯ ತುದಿ ಮಾತ್ರ ಸ್ವಲ್ಪ ಸಡಿಲವಾಗಿತ್ತು.

ಏಳನೇ ತಿಂಗಳಲ್ಲಿ ಒಂದು ದಿನ ಇಬ್ಬರೂ ಹಾಸಿಗೆ ಹೊದಿಕೆಗಳನ್ನು ಮಡಚುತ್ತಿದ್ದೆವು. ಆ ಕೊನೆ ಅವಳು, ಈ ಕೊನೆ ನಾನು, ನಡುವೆ ಬಿಗಿಯಾಗಿ ಎಳೆದ ಬಟ್ಟೆ. ನಾನು ಔಷಧಿ ಅಂಗಡಿಯವಳ ತಂಗಿಯ ವಿಷಯ ಹೇಳುತ್ತಿದ್ದೆ. ಸೊಸೆ ಥಟ್ಟನೆ ಕೈ ನಿಲ್ಲಿಸಿದಳು. ಉಟ್ಟ ಬಟ್ಟೆಯ ಮೇಲೇ ಕಂಡಿತು, ಹೊಟ್ಟೆಯಲ್ಲಿ ಇಷ್ಟು ದಪ್ಪದ್ದೊಂದು ಉಬ್ಬು ಎದ್ದು ಸರಿದು ಹೋಯಿತು. ಒಳಗೆ ನೀರಿಲ್ಲ, ಒದ್ದರೆ ನೇರ ಒದೆ.

"ನೀವು ಮಾತಾಡೋವಾಗ್ಲೇ ಹೀಗ್ಮಾಡೋದು" ಎಂದಳು.

"ಇನ್ನೂ ಹೇಳು ಅಂತಲೋ, ಸಾಕು ನಿಲ್ಸು ಅಂತಲೋ?"

"ಅದನ್ನ ನೀವೇ ಕೇಳ್ಕೊಳ್ಳಿ."

ಹೊದಿಕೆ ಕೈಬಿಟ್ಟು ಹತ್ತಿರ ಹೋದೆ. ಕೈಯಿಡಲು ಹೆದರಿಕೆಯಾಯಿತು. ಇಟ್ಟೆ. ಆಮೇಲಿನ ದಿನಗಳಲ್ಲಿ ನನ್ನ ರೇಡಿಯೋದ ಹೆಚ್ಚಿನ ಕಾರ್ಯಕ್ರಮ ಆ ಹೊಟ್ಟೆಗೇ ಪ್ರಸಾರವಾಯಿತು. ಯಾರು ಯಾರ ಜೊತೆ ಮಾತು ಬಿಟ್ಟರು, ಯಾವ ಮನೆಗೆ ಹೊಸ ಪರದೆ ಬಂತು, ನಿನ್ನಪ್ಪ ಎಂಟು ವರ್ಷದವನಿದ್ದಾಗ ಒಗೆಯುವ ಯಂತ್ರದೊಳಗೆ ಕೂತು ಸಿಕ್ಕಿಬಿದ್ದದ್ದು ಹೇಗೆ, ಎಲ್ಲ. ನನ್ನ ಮಗ ದೂರದಿಂದ ಕೇಳಿಸಿಕೊಳ್ಳುತ್ತಿದ್ದ. ಹತ್ತಿರ ಮಾತ್ರ ಬರುತ್ತಿರಲಿಲ್ಲ.

ಎಂಟನೇ ತಿಂಗಳ ಕೊನೆಯಲ್ಲಿ, ಬೆಳಗಿನ ಗಂಟುಗಳನ್ನು ಕಟ್ಟುತ್ತಿರುವಾಗ ನೋವು ಶುರುವಾಯಿತು. ಅವಳು ಕೈಯಲ್ಲಿದ್ದ ಗಂಟಿನ ದಾರ ಬಿಗಿದು, ಗಂಟು ಹಾಕಿ, ಆಮೇಲೆ "ಹೋಗೋಣ" ಎಂದಳು.

ಆಸ್ಪತ್ರೆಯಲ್ಲಿ ಅವಳು ಮೊದಲೇ ಡಾಕ್ಟರಮ್ಮನ ಜೊತೆ ಕೂತು ಬರೆಯಿಸಿಟ್ಟ ಕಾಗದವಿತ್ತು. ಮಗುವಿಗೆ ಕೊಳವೆ ಹಾಕಬಾರದು, ಬೇರೆ ಕೋಣೆಗೆ ಒಯ್ಯಬಾರದು, ನೋವಾಗದಂತೆ ನೋಡಿಕೊಳ್ಳಬೇಕು, ಮನೆಯವರ ಕೈಯಲ್ಲೇ ಇರಬೇಕು. ಆದರೆ ಆ ದಿನ ಡ್ಯೂಟಿಯಲ್ಲಿದ್ದ ಎಳೆಯ ಡಾಕ್ಟರಿಗೆ ಅದು ಹಿಡಿಸಲಿಲ್ಲ. ನನ್ನನ್ನು ಬಾಗಿಲ ಹೊರಗೆ ನಿಲ್ಲಿಸಿ, "ದೊಡ್ಡವರು ನೀವಾದ್ರೂ ಹೇಳಿ. ಮುಖ ನೋಡಿದ್ರೆ ನೋವು ಜಾಸ್ತಿ ಆಗುತ್ತೆ. ನಾವು ಹಾಗೇ ತಗೊಂಡು ಹೋಗಿಬಿಡ್ತೀವಿ" ಎಂದ.

"ನೋವು ಕಮ್ಮಿ ಆಗ್ಲಿ ಅಂತ ನಾನೂ ಒಂದ್ಸಲ ಒಂದು ಕೆಲಸ ಮಾಡಿದೆ ಡಾಕ್ಟ್ರೇ" ಎಂದೆ. "ನಲವತ್ಮೂರು ಚೀಟಿ ಬರೀಬೇಕಾಯ್ತು. ನಿಮ್ಮ ಕೈಲಿ ಅಷ್ಟು ಬರೆಯೋಕಾಗುತ್ತಾ?"

ಅವನಿಗೆ ಅರ್ಥವಾಗಲಿಲ್ಲ, ಆದರೆ ಬಾಗಿಲಿನಿಂದ ನಾನು ಕದಲುವುದಿಲ್ಲ ಎಂಬುದು ಅರ್ಥವಾಯಿತು.

ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷಕ್ಕೆ ಹುಟ್ಟಿದಳು. ಹೆಣ್ಣು. ಅಳಲಿಲ್ಲ, ಬೆಕ್ಕಿನ ಮರಿಯಂಥ ಒಂದು ಸಣ್ಣ ಸದ್ದು ಮಾಡಿದಳು. ಮೂಗು ಸ್ವಲ್ಪ ಚಪ್ಪಟೆ, ಕಿವಿ ಸ್ವಲ್ಪ ಕೆಳಗೆ, ತಲೆ ತುಂಬ ಕಪ್ಪು ಕೂದಲು. ನಾನು ಏನೇನೋ ಊಹಿಸಿಕೊಂಡು ಹೆದರಿದ್ದೆ. ಹೆದರುವಂಥದ್ದು ಏನೂ ಇರಲಿಲ್ಲ, ಮಗು ಇತ್ತು. ಸೊಸೆ ಅವಳನ್ನು ಎದೆಯ ಮೇಲೆ ಮಲಗಿಸಿಕೊಂಡು "ಬಂದ್ಯಾ ಮರಿ" ಎಂದಳು. ಸ್ವಲ್ಪ ಹೊತ್ತು ಹಾಗೇ ಇದ್ದು, ನನ್ನ ಕಡೆ ನೋಡಿ "ಅವರನ್ನ ಕರೀರಿ ಅತ್ತೆ" ಎಂದಳು.

ನನ್ನ ಮಗ ಮೊಗಸಾಲೆಯ ಕೊನೆಯಲ್ಲಿ ಬೆಂಕಿ ಆರಿಸುವ ಸಿಲಿಂಡರಿನ ಮೇಲಿನ ಸೂಚನೆಗಳನ್ನು ಓದುತ್ತಿದ್ದ.

"ಮಗಳು ಬಂದಿದ್ದಾಳೆ, ಬಾ."

"ಅಮ್ಮಾ, ನನ್ನ ಕೈಲಿ ಆಗಲ್ಲ."

"ನನ್ನ ಕೈಲೂ ಆಗಲ್ಲ. ಹೆತ್ತವಳ ಕೈಲಿ ಆಗ್ತಿದೆ, ಹೋಗಿ ನೋಡು. ಹೆದರೋದಿದ್ರೆ ನಾಳೆಯಿಂದ ಹೆದರ್ಕೋ, ಬೇಕಾದಷ್ಟು ಟೈಮಿದೆ. ಅವಳಿಗಿಲ್ಲ."

ಮೂವತ್ತಮೂರು ವರ್ಷದ ಗಂಡಸನ್ನು ತೋಳು ಹಿಡಿದು ಎಳೆದುಕೊಂಡು ಬಂದೆ. ಮೊದಲು ಮಂಚದ ಕಾಲ ಬಳಿ ನಿಂತ. ಸೊಸೆ ಏನೂ ಹೇಳದೆ ಮಗುವನ್ನು ಚಾಚಿದಳು. ತೆಗೆದುಕೊಂಡ. ದಿನವೆಲ್ಲ ಒದ್ದೆ ಬಟ್ಟೆಯ ಹೊರೆ ಎತ್ತುವ ಕೈಗಳು ಅವು, ಆ ಕೈಗಳಿಗೆ ಎಷ್ಟು ಹಗುರ ಹಿಡಿಯಬೇಕೆಂದು ತಿಳಿಯಲಿಲ್ಲ. ಆಮೇಲೆ ಅವಳ ಕೂದಲಿಗೆ ಮೂಗು ತಾಗಿಸಿ ಜೋರಾಗಿ ಅತ್ತ. ಅತ್ತುಕೊಂಡೇ ಅವಳ ಕೈಬೆರಳು ಎಣಿಸಿದ, ಕಾಲ್ಬೆರಳು ಎಣಿಸಿದ, "ಎಲ್ಲ ಇದೆ ಅಮ್ಮಾ, ಇಪ್ಪತ್ತೂ ಇದೆ" ಎಂದ.

ಅವನಾದ ಮೇಲೆ ಸೊಸೆ ಹೇಳಿದಳು: "ಅತ್ತೆ, ಈಗ ನೀವು."

ಆಗಲೇ ಅರ್ಧ ಗಂಟೆ ಕಳೆದಿತ್ತು. ಎಷ್ಟು ಉಳಿದಿದೆಯೋ ಯಾರಿಗೂ ಗೊತ್ತಿರಲಿಲ್ಲ. ಸೊಸೆ ತನ್ನ ಪಾಲಿನ ನಿಮಿಷಗಳನ್ನು ತೆಗೆದು ನನಗೆ ಕೊಡುತ್ತಿದ್ದಳು, ಅದೂ ನನ್ನಂಥವಳಿಗೆ. ಕೂತುಕೊಂಡು ಮಡಿಲಲ್ಲಿ ತೆಗೆದುಕೊಂಡೆ. ಕಣ್ಣು ಮುಚ್ಚಿತ್ತು. ಉಸಿರು ಒಂದು ಬಂದರೆ ಇನ್ನೊಂದು ತಡವಾಗಿ ಬರುತ್ತಿತ್ತು.

"ಮಾತಾಡಿ. ನಿಮ್ಮ ದನಿ ಅವಳಿಗೆ ಗೊತ್ತು" ಎಂದಳು ಸೊಸೆ.

ಬೀದಿಗೆಲ್ಲ ಮಾತು ಹಂಚುವವಳು ಅವಳ ಕಿವಿಯ ಹತ್ತಿರ ಬಗ್ಗಿದೆ. ಮೊದಲು ಬಂದದ್ದು ಇದು: "ನಾನು ನಿನ್ನಜ್ಜಿ ಕಣೇ. ನೀನು ಹೋದೆ ಅಂತ ಮೊದಲೇ ಎಲ್ಲರಿಗೂ ಹೇಳಿದವಳು ನಾನೇ. ತಪ್ಪಾಯ್ತು. ನೀನು ಬರ್ತೀಯ ಅಂತ ನಿಮ್ಮಮ್ಮನಿಗೆ ಗೊತ್ತಿತ್ತು, ನನಗೆ ಗೊತ್ತಾಗ್ಲಿಲ್ಲ." ಆಮೇಲೆ ಮಾತು ತಾನೇ ಹರಿಯಿತು. ಮೂವತ್ತೊಂದನೇ ನಂಬರಿನವಳ ಮಗಳಿಗೆ ಗಂಡು ಮಗುವಾಯಿತು ಎಂದೆ. ಮೇಜುಬಟ್ಟೆ ಕಲೆ ಇನ್ನೂ ಹೋಗಿಲ್ಲವಂತೆ, ಈಗ ವಾಪಸ್ಸು ನಮ್ಮಲ್ಲಿಗೇ ಬಂದಿದೆ ಎಂದೆ. ಅಷ್ಟರಲ್ಲಿ ಮಗು ಬಾಯಿ ತೆರೆಯಿತು. ಎಲ್ಲರೂ ಉಸಿರು ಹಿಡಿದೆವು. ಅವಳು ಇಷ್ಟಗಲ ಬಾಯಿ ತೆರೆದು ಆಕಳಿಸಿದಳು.

"ಅವಳಿಗೂ ಬೇಜಾರಾಯ್ತು ಅತ್ತೆ" ಎಂದಳು ಸೊಸೆ, ನಕ್ಕುಬಿಟ್ಟಳು. ನಾನೂ ನಕ್ಕೆ, ನನ್ನ ಮಗ ಅಳುತ್ತಲೇ ನಕ್ಕ. ಏನಾಯಿತೋ ಎಂದು ಆ ಎಳೆಯ ಡಾಕ್ಟರು ಓಡಿ ಬಂದು ಬಾಗಿಲಲ್ಲಿ ನಿಂತ. ಅಂಥ ಕೋಣೆಯಲ್ಲಿ ನಗು ಕೇಳಿದ್ದು ಅವನಿಗೆ ಹೊಸತಿರಬೇಕು. ನೋಡಲಿ ಎಂದುಕೊಂಡೆ.

ಆಮೇಲೆ ಅವಳನ್ನು ಅಮ್ಮನಿಗೆ ಕೊಟ್ಟೆ. ಮೂರು ಗಂಟೆ ಎರಡು ನಿಮಿಷಕ್ಕೆ ಹೋದಳು, ಅಮ್ಮನ ಎದೆಯ ಮೇಲೆ, ಅಪ್ಪನ ಕಿರುಬೆರಳು ಹಿಡಿದುಕೊಂಡು. ಐವತ್ತೆರಡು ನಿಮಿಷ. ಸೊಸೆ ಆಗ ಅತ್ತಳು, ಇಷ್ಟು ತಿಂಗಳು ಅಳದೆ ಇಟ್ಟದ್ದನ್ನೆಲ್ಲ ಅತ್ತಳು. ಸಮಾಧಾನ ಮಾಡಲು ನಾನು ಹೋಗಲಿಲ್ಲ, ಪಕ್ಕದಲ್ಲಿ ಕೂತಿದ್ದೆ.

ಒಂಬತ್ತು ದಿನ ಬಿಟ್ಟು ಅಂಗಡಿ ತೆಗೆದೆ. ಬೆಳಿಗ್ಗೆ ಬಾಯ್ಲರು ಬಿಸಿಯಾಗುವ ಮೊದಲೇ ಔಷಧಿ ಅಂಗಡಿಯವಳು ಒಂದು ಕೋಟು ಹಿಡಿದು ಬಂದಳು. ಕೋಟು ನೆಪ ಎಂದು ನೋಡಿದರೇ ಗೊತ್ತಾಗುತ್ತಿತ್ತು. ಕತ್ತು ಒಂದು ಕಡೆ ವಾಲಿಸಿ, ದನಿ ಇಳಿಸಿ, "ಏನ್ಮಾಡೋದು, ಮರೆತುಬಿಡಿ. ಆ ವಿಷಯ ಇನ್ನು ಮಾತಾಡೋದೇ ಬೇಡ" ಎಂದಳು.

"ಯಾಕೆ ಬೇಡ?" ಎಂದೆ. ಸ್ಟೂಲು ಎಳೆದು ಹಾಕಿದೆ. "ಕೂತ್ಕೋ. ನನ್ನ ಮೊಮ್ಮಗಳ ವಿಷಯ ಹೇಳ್ತೀನಿ."

ಅವಳು ಹಿಂದೆಮುಂದೆ ನೋಡಿ ಕೂತಳು. ನಾನು ಎರಡು ಗಂಟೆ ಹತ್ತು ನಿಮಿಷದಿಂದ ಶುರುಮಾಡಿದೆ. ಕೂದಲು ಹೇಗಿತ್ತು, ಸದ್ದು ಹೇಗಿತ್ತು, ಅಪ್ಪ ಬೆರಳು ಎಣಿಸಿದ್ದು, ಆಕಳಿಸಿದ್ದು, ಡಾಕ್ಟರು ಓಡಿಬಂದದ್ದು. ಯಾವುದನ್ನೂ ಬಿಡಲಿಲ್ಲ, ಸೇರಿಸಲೂ ಇಲ್ಲ. ಒಳಗೆ ನಂಬರು ಸಿಕ್ಕಿಸುತ್ತಿದ್ದ ಸೊಸೆ ನಡುವೆ ಎರಡು ಸಲ ನನ್ನನ್ನು ತಿದ್ದಿದಳು. ಮೊಮ್ಮಗಳು ಬದುಕಿದ್ದು ಐವತ್ತೆರಡು ನಿಮಿಷ, ನಾನು ಗಡಿಯಾರ ನೋಡಿದಾಗ ಹೇಳಲು ಕೂತು ಒಂದೂವರೆ ಗಂಟೆ ಕಳೆದಿತ್ತು. ಔಷಧಿ ಅಂಗಡಿಯ ಮುಂದೆ ಜನ ನಿಂತು ಕೂಗುತ್ತಿದ್ದರು, ಅವಳು ಕಣ್ಣೊರೆಸಿಕೊಂಡು ಎದ್ದಳು.

"ಮಧ್ಯಾಹ್ನ ಬಾ" ಎಂದೆ. "ಇನ್ನೂ ಇದೆ."